ಕೈಮದ್ದು

ನಾಯಂಡಹಳ್ಳಿ ಮೆಟ್ರೋ ಕಂಬದ ಕೆಳಗೆ
ಒಣಕಸದ ಶೆಡ್ಡಿನ ಮುಂದೆ ಎರಡು ಟೇಬಲ್ಲು.
ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ರಕ್ತ.
ಲಸಿಕೆಯ ಐಸ್ ಡಬ್ಬಿ ಎಲ್ಲೂ ಇಲ್ಲ.

‘ಲಸಿಕೆ ಅಂದ್ರಿ, ರಕ್ತ ಯಾಕೆ?’
ಜೆಸಿಂತಾ ಸಿಸ್ಟರು ತೋಳಿಗೆ ರಬ್ಬರು ಬಿಗಿದು
‘ಬಾಗಿಲು ಹಾಕೋ ಮುಂಚೆ
ಒಳಗೆ ಯಾರಾದ್ರೂ ಇದಾರಾ ನೋಡ್ಬೇಕಲ್ವಾ, ಅಂಜಿನಮ್ಮಾ’ ಅಂದಳು.
ಸರಿ ಅನ್ನಿಸಿತು. ಕೈ ಚಾಚಿದೆ.

ಎಷ್ಟು ಸೂಜಿ ಕಂಡ ಕೈ ಇದು!
ಡೈಪರಿನ ಮಡಿಕೆಯಲ್ಲಿ, ಹಾಲಿನ ಕವರಿನೊಳಗೆ,
ಒಮ್ಮೆ ದೀಪಾವಳಿ ಮಿಠಾಯಿ ಡಬ್ಬಿಯಲ್ಲಿ, ಸಾಲಾಗಿ ಜೋಡಿಸಿ.
ಯಾರದೋ ಸಕ್ಕರೆ ಕಾಯಿಲೆ, ಯಾರದೋ ಗುಟ್ಟು.
ಗ್ಲೌಸು ಕೇಳಿದ್ದಕ್ಕೆ ಮೇಸ್ತ್ರಿ ಕೊಟ್ಟಿದ್ದ,
ಎರಡೂ ಎಡಗೈದು.
ಈ ಸಿಸ್ಟರು ಮಾತ್ರ ಚುಚ್ಚುವ ಮುಂಚೆ
ಹೊಸ ಪೊಟ್ಟಣ ನನ್ನ ಕಣ್ಣೆದುರೇ ಹರಿದಳು.
ನನಗೇ ಅಂತ ಒಂದು ಸೂಜಿ.
ನಾಚಿಕೆಯಾಯಿತು, ಯಾಕೋ.

ನಾಲ್ಕನೇ ದಿನ ಚೀಟಿ ಬಂತು, ಡಬ್ಬಿಯೂ ಬಂತು.
ಕೆಂಪರಾಜನಿಗೆ, ಸಾವಂದಮ್ಮನಿಗೆ, ಬಿಹಾರದ ಹುಡುಗ ಬಬ್ಲೂಗೆ
ಚುಚ್ಚಿ ಕಳಿಸಿದರು:
ತಿಂಗಳಿಗೊಮ್ಮೆ ಬಾ, ಆರು ತಿಂಗಳಿಗೆ ಮತ್ತೆ ಬಾ.
ನನ್ನನ್ನು ಪಕ್ಕಕ್ಕೆ ಕೂರಿಸಿದರು.
‘ನಿಂಗೆ ಬೇಡಮ್ಮ’ ಅಂದರು ಡಾಕ್ಟರು.
‘ಆ ಕಾಯಿಲೆ ನಿಂಗೆ ಯಾವತ್ತೋ ಬಂದು ಹೋಗಿದೆ.
ನಿನ್ನ ಮೈಯೇ ಅದನ್ನ ಗೆದ್ದಿದೆ.
ಮುಂದೆ ಯಾವ ದೊಡ್ಡ ಕಾಯಿಲೆಗೆ ಔಷಧಿ ತಗೊಂಡ್ರೂ
ಈ ಚೀಟಿ ತೋರಿಸು.’

ಗೆದ್ದೆನಾ? ಯಾವಾಗ?
ಯಾರೂ ಹೇಳಲೇ ಇಲ್ಲವಲ್ಲ.

ಮೊದಲು ಬಂದದ್ದು ಬೇಜಾರು:
ಒಳ್ಳೆ ಸೀರೆ ಉಟ್ಟು ಬಂದಿದ್ದೆ, ಪುಕ್ಕಟೆಯದು ತಪ್ಪಿತು.
ಆಮೇಲೆ ಬಸ್ಸಿನಲ್ಲಿ
ಕಿಟಕಿ ಪಕ್ಕ ಸೀಟು ಸಿಕ್ಕಿದ ಹೊತ್ತಿಗೆ
ಅವ್ವ.

ಶ್ರೀರಾಂಪುರದ ಗಲ್ಲಿಯಲ್ಲಿ ನಮ್ಮವ್ವ
ಹೊಟ್ಟೆ ಕೊಡದ ಹಾಗೆ ಉಬ್ಬಿ, ಕಣ್ಣು ಅರಿಶಿನವಾಗಿ
ಮೂರು ತಿಂಗಳು ಮಲಗಿ ಹೋದಳು.
ಗಲ್ಲಿಗೆ ಗಲ್ಲಿಯೇ ಅಂದದ್ದು ಒಂದೇ: ಕೈಮದ್ದು.
ಎದುರು ಮನೆ ಪಿಳ್ಳಮ್ಮ ಹಾಕಿದ್ದು, ಹುಳಿಸಾರಿನಲ್ಲಿ.
ಮದ್ದು ಕಕ್ಕಿಸುವವನು ಬಂದ,
ಅವ್ವನ ಬಾಯಿಂದ ಕೂದಲು ಸುತ್ತಿದ ಉಂಡೆ ತೆಗೆದು ತೋರಿಸಿದ,
ಐವತ್ತು ರೂಪಾಯಿ ತಗೊಂಡು ಹೋದ.
ಅಂದಿನಿಂದ ನಲ್ಲಿಯ ಸಾಲಿನಲ್ಲಿ ಪಿಳ್ಳಮ್ಮನ ಬಿಂದಿಗೆ
ಎಲ್ಲರಿಗಿಂತ ಹಿಂದೆ.
ಅವ್ವನ ತಿಥಿಯ ದಿನ ಅವಳು ಕೊಟ್ಟ ಬೆಲ್ಲದಚ್ಚನ್ನು
ನಾನೇ, ಈ ಕೈಯಲ್ಲೇ, ಮೋರಿಗೆ ಹಾಕಿದೆ.
ಹನ್ನೊಂದು ವರ್ಷ ಆಗ.

ಅದೇ ಗಲ್ಲಿಯ ಮೂಲೆಯಲ್ಲಿ ಸೂಜಿ ಡಾಕ್ಟರು ಒಬ್ಬರಿದ್ದರು.
ಗಾಜಿನ ಸಿರಿಂಜು, ಸೀಮೆಎಣ್ಣೆ ಸ್ಟವ್ವಿನ ಮೇಲೆ ನೀರು.
ಜ್ವರಕ್ಕೂ ನಿಶ್ಶಕ್ತಿಗೂ ಅದೇ ಸೂಜಿ,
ಅವ್ವನಿಗೂ ನನಗೂ ಅದೇ.
ನೀರು ಕುದಿಯುವವರೆಗೆ ಕಾಯಲು
ಯಾರಿಗೆ ಪುರುಸೊತ್ತಿತ್ತು?
ಅವರು ದಾರಿಯಲ್ಲಿ ಸಿಕ್ಕರೆ ಕೈ ಮುಗಿಯುತ್ತಿದ್ದೆವು.

ಗೊತ್ತಿಲ್ಲ.
ಚೀಟಿಯಲ್ಲಿ ಅವ್ವನ ಹೆಸರಿಲ್ಲ.
ಯಾರಿಂದ ಬಂತು, ಯಾವತ್ತು ಬಂತು,
ಅದನ್ನು ರಕ್ತ ಹೇಳಲ್ಲ ಅಂದರು ಡಾಕ್ಟರು.
ಆದರೂ ಮೆಜೆಸ್ಟಿಕ್ಕಿನಲ್ಲಿ ಲಗ್ಗೆರೆ ಬಸ್ಸು
ಎದುರಿಗೇ ನಿಂತಿತ್ತು, ಹತ್ತಲಿಲ್ಲ.

ಪಿಳ್ಳಮ್ಮನ ಹೆಂಚಿನ ಮನೆ ಇದ್ದಲ್ಲಿ ಈಗ ಮೂರಂತಸ್ತು,
ಕೆಳಗೆ ಮೊಬೈಲ್ ರಿಪೇರಿ.
‘ಏನಕ್ಕ, ಡಿಸ್‌ಪ್ಲೇ ಹೋಯ್ತಾ?’ ಅಂದ ಹುಡುಗ.
ಪಿಳ್ಳಮ್ಮ ಅಂತ ಇದ್ದಳಲ್ಲ, ಅಂದೆ.
‘ನಮ್ಮಜ್ಜಿ. ಹೋಗಿ ಆರು ವರ್ಷ. ತಾವ್ಯಾರು?’

ಚೀಟಿ ರವಿಕೆಯೊಳಗೆ ಬೆವರಿಗೆ ಮೆತ್ತಗಾಗಿತ್ತು.
ಎದುರು ಮನೆಯವಳು, ಅಂದೆ.

ಒಳಗಿಂದ ನೀರು ತಂದುಕೊಟ್ಟ.
ಹಳೇ ಸ್ಟೀಲ್ ಲೋಟ, ಅಂಚಿನಲ್ಲಿ
ಸೂಜಿ ಚುಚ್ಚಿದ ಹಾಗೆ ಚುಕ್ಕಿ ಚುಕ್ಕಿಯಾಗಿ
ಅವಳ ಹೆಸರು.
ಪೂರ್ತಿ ಕುಡಿದೆ.
ಇನ್ನೊಂದು ಲೋಟ ಕೇಳಿದೆ.